ಜಪಾನಯ್ಯನ ತಲೆಗೆ ಕಟ್ಟಿದ ತಪ್ಪು

ನಿನ್ನೆ ಪಕ್ಕದ ಹೂತೋಟದ ಎಮಿ ಒಂದು ಕಂತೆ ಬಿಳಿ ಸೇವಂತಿಗೆ ತಂದುಕೊಟ್ಟಳು. ಒಂದೊಂದು ಕಡ್ಡಿಯೂ ನನ್ನ ಮೊಣಕಾಲುದ್ದ. ಆಗಷ್ಟೇ ಕತ್ತರಿಸಿದ ಹಸಿ ಕಡ್ಡಿಯ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ಹೂವಿನ ಕುತ್ತಿಗೆಗೆ ಹೋಯಿತು. ಚಿವುಟಿ ದೇವರ ತಲೆಗಿಡುವುದೊಂದೇ ಗೊತ್ತು ನೋಡಿ ಈ ಕೈಗೆ. ಎಮಿ ನಗುತ್ತ ತಡೆದಳು. ನಾಳೆ ಹೊಸ ಹೆಂಗಸರು ಕೆಲಸಕ್ಕೆ ಬರುತ್ತಾರಂತೆ. ಅವಳ ತಾತನ ಹಳೆಯ ತಪ್ಪಿನ ಕತೆಯನ್ನು ನಾನೇ ಬಂದು ಅವರಿಗೆ ಹೇಳಬೇಕಂತೆ. ಒಪ್ಪಿಕೊಂಡೆ. ಆ ಕತೆ ಹೇಳುವುದರಲ್ಲಿ ಹನಗೋಡಿನಲ್ಲಿ ನನ್ನನ್ನು ಮೀರಿಸುವವರಿಲ್ಲ.

ಎಮಿಯ ತಾತ ಜಪಾನಿನಿಂದ ಬಂದವರು. ಅವರ ಹೆಸರು ನಮ್ಮ ನಾಲಿಗೆಗೆ ಒಗ್ಗದೆ ಊರೆಲ್ಲ ಜಪಾನಯ್ಯ ಎಂದೇ ಕರೆಯಿತು. ಲಕ್ಷ್ಮಣತೀರ್ಥದ ದಡದಲ್ಲಿ ಗುತ್ತಿಗೆಗೆ ಜಮೀನು ಹಿಡಿದು, ಹೊಗೆಸೊಪ್ಪು ಬೆಳೆಯುವವರ ನಡುವೆ ಹೂ ಬೆಳೆಯಲು ಹೊರಟರು. ಜೊತೆಗೆ ಹೆಂಡತಿ ಮಿಚಿಯಮ್ಮ, ಅವರ ಕಂಕುಳಲ್ಲಿ ಮಗ. ಆ ಮಗ ನಮ್ಮೂರ ಶಾಲೆಯಲ್ಲೇ ಓದಿ, ದೊಡ್ಡವನಾಗಿ ತೋಟಕ್ಕೆ ನೆರಳುಬಲೆ ಹಾಕಿಸಿದ. ಅವನ ಮಗಳು ಎಮಿ ಈಗ ಕೂತಲ್ಲಿಂದಲೇ ಮೊಬೈಲಿನಲ್ಲಿ ಬೆಂಗಳೂರಿಗೆ ಹೂ ಮಾರುತ್ತಾಳೆ. ಆದರೆ ಇದೆಲ್ಲ ಮೊದಲ ಬೆಳೆಗೇ ಮುಗಿದುಹೋಗುವುದರಲ್ಲಿತ್ತು. ಆ ಬೆಳೆ ಕೈಗೆ ಹತ್ತದಿದ್ದರೆ ತಮ್ಮ ದೇಶಕ್ಕೆ ವಾಪಸಾಗುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು.

ಮೈಸೂರಿನ ಹೋಟೆಲೊಂದು ಅಷ್ಟೂ ಹೂವನ್ನು ಕೇಳಿತ್ತು. ವ್ಯಾನು ತರಲು ಜಪಾನಯ್ಯ ಬೆಳಗಾಗುತ್ತಲೇ ಹುಣಸೂರಿಗೆ ಹೋದರು. ತೋಟದಲ್ಲಿ ನಾವು ಆರು ಜನ ಹೆಂಗಸರು. ನಾನು ಆಗಷ್ಟೇ ಮದುವೆಯಾಗಿ ಬಂದವಳಾದರೂ ಯಜಮಾನಿಕೆ ನನ್ನದೇ. ಹೂ ಬಿಡಿಸುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ ಎಂಬ ಜಂಬ ಬೇರೆ. ಅವರು ಬರುವಷ್ಟರಲ್ಲಿ ಇಡೀ ತೋಟದ ಹೂವನ್ನು ಕುತ್ತಿಗೆಗೇ ಚಿವುಟಿ ಕುಕ್ಕೆಗಳಿಗೆ ತುಂಬಿದ್ದೆವು. ಬೋಳು ಕಡ್ಡಿಗಳು ಸಾಲಾಗಿ ನಿಂತಿದ್ದವು. ಹೋಟೆಲಿಗೆ ಬೇಕಿದ್ದದ್ದು ಹೂದಾನಿಯಲ್ಲಿಡಲು ಕಡ್ಡಿಸಮೇತ ಹೂವು ಎಂಬುದು ಆಮೇಲೆ ತಿಳಿಯಿತು. ಜಪಾನಯ್ಯ ಬದುವಿನ ಮೇಲೆ ಕೂತು, ಒಂದು ಬೋಳು ಕಡ್ಡಿಯನ್ನು ಬಹಳ ಹೊತ್ತು ನೋಡಿದರು.

ಪುಣ್ಯಕ್ಕೆ ಮಾರನೆಯ ದಿನ ಗೌರಿ ಹಬ್ಬ. ನಾನು ಬಾಳೆನಾರು ತರಿಸಿದೆ. ಮಧ್ಯಾಹ್ನದೊಳಗೆ ಅಷ್ಟನ್ನೂ ಕಟ್ಟಿ, ಅದೇ ವ್ಯಾನಿನಲ್ಲಿ ಹುಣಸೂರಿನ ಬಸ್ ಸ್ಟ್ಯಾಂಡಿಗೆ ಸಾಗಿಸಿದೆವು. ಮೊಳ ಹಾಕುವಾಗ ಮೊಣಕೈ ಒಂದಿಷ್ಟು ಜಾರಿಸಿ ನಾಲ್ಕು ಬೆರಳು ಉಳಿಸಿಕೊಳ್ಳುವುದು ಹೂ ಮಾರುವವರ ಗುಟ್ಟು. ಜಪಾನಯ್ಯನಿಗೆ ಅದೇನು ಗೊತ್ತು? ಮೊಣಕೈಯಿಂದ ಬೆರಳ ತುದಿಯವರೆಗೆ ನೆಟ್ಟಗೆ ಹಿಡಿದು, ಮೇಲೆ ಎರಡು ಹೂ ಬಿಡುತ್ತಿದ್ದರು. ಹೆಂಗಸರೆಲ್ಲ ನನ್ನನ್ನು ಬಿಟ್ಟು ಅವರಿಗೇ ಮುತ್ತಿಕೊಂಡರು. ಸಂಜೆಗೆ ಕುಕ್ಕೆ ಖಾಲಿ, ತೋಟ ಉಳಿಯಿತು. ಆಗ ಆ ಮನುಷ್ಯ ನಮ್ಮ ಮುಂದೆ ಸೊಂಟ ಬಗ್ಗಿಸಿ, ಸರಿಯಾಗಿ ಹೇಳಿಕೊಡದೆ ಹೋದದ್ದು ತನ್ನದೇ ತಪ್ಪು ಎಂದರು. ಬೇಡವೆನ್ನಲು ನಾವ್ಯಾರು?

ಇವತ್ತು ಬೆಳಿಗ್ಗೆ ಎಮಿಯ ಮನೆಯಲ್ಲಿ ಅದನ್ನೇ ಹೇಳಿ ಹೊಸಬರನ್ನು ನಗಿಸಿದೆ. ಅವರು ಎಮಿಯ ಹಿಂದೆ ತೋಟಕ್ಕೆ ಇಳಿದ ಮೇಲೆ ನಡುಮನೆಯಲ್ಲಿ ಉಳಿದವರು ನಾನು, ಮಿಚಿಯಮ್ಮ. ಜಪಾನಯ್ಯ ತೀರಿಕೊಂಡು ಎಷ್ಟೋ ವರ್ಷವಾಯಿತು. ಯಾಕೋ ಇವತ್ತು ತಡೆಯಲಾಗದೆ ಬಾಯಿಬಿಟ್ಟೆ. ನಾವು ಹೂ ಚಿವುಟಿದ ಹಿಂದಿನ ಸಂಜೆಯೇ ಜಪಾನಯ್ಯ ಕತ್ತರಿ ಹಿಡಿದು, ಕಡ್ಡಿಯನ್ನು ಬುಡದಲ್ಲಿ ಕತ್ತರಿಸಿ ನನಗೆ ತೋರಿಸಿದ್ದರು. ಪಾಪ, ಇವರಿಗೆ ಹೂ ಬಿಡಿಸಲೇ ಬರುವುದಿಲ್ಲ, ನಾನೇ ಸರಿಯಾಗಿ ಮಾಡಿಕೊಡೋಣ ಅಂದುಕೊಂಡವಳು ನಾನು.

ಮಿಚಿಯಮ್ಮ ಕಾಫಿ ಲೋಟ ಕೆಳಗಿಟ್ಟರು.

“ನೀವು ಚಿವುಟೋದ ನಾನು ಕಿಟಕೀಲಿ ನೋಡ್ತಾನೇ ಇದ್ದೆ ಕಣವ್ವ. ಬೇಕಂತ್ಲೇ ಕೂಗ್ನಿಲ್ಲ. ಬೆಳೆ ಕೆಟ್ರೆ ನಮ್ಮೂರ್ಗೆ ಓಗ್ಬೋದು, ಅಮ್ಮನ್ನ ನೋಡ್ಬೋದು ಅಂತಿದ್ದೆ.”

ತೋಟ ಉಳಿಸಿದವಳು ನಾನೆಂದು ಇಷ್ಟು ವರ್ಷ ಬೀಗಿದ್ದೆ. ಈಯಮ್ಮನ ದಾರಿ ಮುಚ್ಚಿದವಳೂ ನಾನೇ ಎಂದು ತಿಳಿದು ಸಂಕಟವಾಯಿತು. ಆಮೇಲೆ ಅಮ್ಮನನ್ನು ನೋಡಿದಿರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಲೋಟ ಮತ್ತೆ ಎತ್ತಿಕೊಂಡು, “ಬುಡು. ನೀನು ಕಟ್ಟೋ ಬಿರುಸು ನೋಡಿ, ಇವಳ ಕೈ ಸೇದೋಗ ಅಂತ ಅವತ್ತೇ ಬೈಕಂಡಿವ್ನಿ” ಎಂದು ನಗತೊಡಗಿದರು. ಕಣ್ಣೊರೆಸಿಕೊಳ್ಳುತ್ತಿದ್ದ ನನಗೂ ನಗು ತಡೆಯಲಿಲ್ಲ.

ಅಷ್ಟರಲ್ಲಿ ಎಮಿ ಒಳಗೆ ಬಂದು, ಏನು ಅಷ್ಟೊಂದು ನಗು ಎಂದು ಕೇಳಿದಳು.

“ನಿಮ್ ತಾತನ್ ತಪ್ಪ ನೆನಸ್ಕಂಡು ನಗ್ತಾ ಇದ್ದೀವಿ ಕಣವ್ವ” ಎಂದರು ಮಿಚಿಯಮ್ಮ, ಕಣ್ಣು ಮಿಟುಕಿಸದೆ.

ನಾನೂ ಹೌದೆಂದು ತಲೆಯಾಡಿಸಿದೆ. ಎದುರಿನ ಗೋಡೆಯ ಮೇಲೆ ಜಪಾನಯ್ಯನ ಫೋಟೋ ಇತ್ತು. ನಾವಿಬ್ಬರೂ ಆ ಕಡೆ ನೋಡಲಿಲ್ಲ.