ಸೊಮಾಲಿಯಾದ ತಂಬುಳಿ

ಹಾಲಿನ ಪುಡಿಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸುಬ್ರಾಯನ ಕಾಗದಗಳಿಗೆಲ್ಲ ಅದೇ ವಾಸನೆಯಿತ್ತು. ಮರಳು ತಾಗದಿರಲೆಂದು ಬರೆದದ್ದನ್ನು ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿಟ್ಟು, ವಾರಕ್ಕೊಮ್ಮೆ ಟಪಾಲಿಗೆ ಕೊಡುತ್ತಿದ್ದನಂತೆ. ನಿಲ್ಕುಂದದ ಈ ಸುಬ್ರಾಯ ಮಿಲಿಟರಿಯಲ್ಲಿದ್ದ. ವಜ್ರಳ್ಳಿಯ ನಮ್ಮ ಮನೆಯ ಶಾರದತ್ತೆಗೂ, ಎಂದರೆ ಅಪ್ಪನ ತಂಗಿಗೂ, ಅವನಿಗೂ ಮದುವೆ ನಿಶ್ಚಯವಾಗಿತ್ತು. ಅಷ್ಟರಲ್ಲಿ ಅವನ ತುಕಡಿಯನ್ನು ಸೊಮಾಲಿಯಾಕ್ಕೆ ಕಳಿಸಿದರು. ಮದುವೆಗೆ ಮೊದಲು ಹುಡುಗ ಹುಡುಗಿಗೆ ಕಾಗದ ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವನು ಅಪ್ಪನಿಗೆ ಬರೆಯುತ್ತಿದ್ದ, ಐದನೆಯ ಕ್ಲಾಸಿನ ನಾನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ, ಅತ್ತೆ ಒಳಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ನನ್ನ ದನಿ ಸ್ವಲ್ಪ ಇಳಿದರೆ ಸಾಕು, "ಗಂಟ್ಲಲ್ಲಿ ಎಂತ ಸಿಕ್ಕಂಜೇ ಕೂಸೇ?" ಎಂದು ಒಳಗಿಂದ ಬೈಗುಳ ಬರುತ್ತಿತ್ತು.

ಅಲ್ಲಿ ಗುಂಡಿನ ಸದ್ದು ನಿಂತು ತಿಂಗಳುಗಳಾಗಿದ್ದವು. ಹಡಗು ಬರಬೇಕು, ಹತ್ತಬೇಕು, ಅಷ್ಟೇ. ಆ 'ಅಷ್ಟೇ' ಮುಗಿಯಲೇ ಇಲ್ಲ ನೋಡಿ! ಬೆಳಿಗ್ಗೆ ಎದ್ದು ಹಾಜರಿ, ಆಮೇಲೆ ಒರೆಸಿದ್ದ ಬಂದೂಕನ್ನೇ ಮತ್ತೆ ಒರೆಸುವುದು, ಟ್ರಂಕು ಕಟ್ಟುವುದು, ಹಡಗು ಮುಂದಕ್ಕೆ ಹೋಯಿತೆಂದು ಬಿಚ್ಚುವುದು, ಡೇರೆಯೊಳಗಿನ ಮರಳು ಗುಡಿಸುವುದು, ಸಂಜೆಗೆ ಮತ್ತೆ ಅದೇ ಮರಳು. ಓದಿ ಓದಿ ನನಗೇ ರೇಜಿಗೆ ಹಿಡಿದಿತ್ತು. "ಯುದ್ಧ ಮುಗದ್ರೂ ಇವಂಗೆ ಮನೆ ದಾರಿ ಸಿಕ್ತಿಲ್ಲೆ" ಎಂದು ಅತ್ತೆ ಮೊರ ಕುಕ್ಕಿ ಎದ್ದು ಹೋಗುತ್ತಿದ್ದಳು. ಮದುವೆ ಎರಡು ಸಲ ಮುಂದೆ ಹೋಗಿತ್ತು. ವೈಶಾಖದೊಳಗೆ ಬರದಿದ್ದರೆ ಬೇರೆ ಕಡೆ ನೋಡುತ್ತೇವೆಂದು ಅಪ್ಪ ಬರೆದುಬಿಟ್ಟ.

ಕಡೆಗೂ ಹಡಗು ಬಂತು, ಪಟ್ಟಿಯಲ್ಲಿ ಸುಬ್ರಾಯನ ಹೆಸರೂ ಬಂತು. ಹೊರಡಲು ಮೂರೇ ದಿನವಿದ್ದಾಗ ಈ ಮಹಾರಾಯ ಸೋರುವ ನೀರಿನ ಟ್ಯಾಂಕಿನ ಬುಡದಲ್ಲಿ ಒಂದೆಲಗದಂಥ ಸೊಪ್ಪು ಕಂಡ. ಸೊಪ್ಪು ಕಂಡರೆ ತಂಬುಳಿ ಮಾಡದೆ ಬಿಡುವ ಜನವೇ ನಾವು? ಹಾಲಿನ ಪುಡಿಯಲ್ಲೇ ಮೊಸರು ಮಾಡಿ, ಸೊಪ್ಪು ಅರೆದು ಕಲಸಿ, ಅನ್ನಕ್ಕೆ ಸುರಿದುಕೊಂಡು ಉಂಡ. ಅದು ಒಂದೆಲಗವಾಗಿರಲಿಲ್ಲ. ವಾಂತಿ, ಭೇದಿ, ಡೇರೆ ಆಸ್ಪತ್ರೆ. ಹಡಗು ಅವನನ್ನು ಬಿಟ್ಟು ಹೋಯಿತು. ಆ ಕಾಗದ ಓದಿದಾಗ ಅತ್ತೆ ನಕ್ಕಳು, ನಗುತ್ತಲೇ ಅತ್ತಳು. "ಇನ್ನೊಂದ್ ತಿಂಗ್ಳು ಕಾಯನ ಅಣ್ಣಾ" ಎಂದಳು. ಅಪ್ಪ ಒಪ್ಪಲಿಲ್ಲ. ವೈಶಾಖದ ಕೊನೆಗೆ ಅವಳನ್ನು ಶಿರಸಿಗೆ ಮದುವೆ ಮಾಡಿ ಕೊಟ್ಟ.

ಹದಿನೆಂಟು ದಿನದ ಮೇಲೆ ಸುಬ್ರಾಯ ಟ್ರಂಕಿನ ಸಮೇತ ನಮ್ಮ ಅಂಗಳಕ್ಕೆ ಬಂದು ನಿಂತ. ಇನ್ನೂ ತನ್ನ ಮನೆಗೂ ಹೋಗಿರಲಿಲ್ಲ. ಅಪ್ಪ ಬೆಲ್ಲ ನೀರು ತರುವ ನೆಪದಲ್ಲಿ ಒಳಗೆ ಹೋದ. "ಅತ್ತೆ ಮದ್ವೆ ಆಗೋತು" ಎಂದು ನಾನೇ ಹೇಳಿದೆ. ಅವನು ಚಪ್ಪರದ ಒಣಗಿದ ತೋರಣ ನೋಡಿದ. "ಹೌದಾ, ಛಲೋ ಆತು" ಎಂದವನೇ ಬೆಲ್ಲ ನೀರನ್ನೂ ಮುಟ್ಟದೆ ಬಸ್ಸಿಗೆ ನಡೆದ. ಅವನು ಬಂದು ಹೋದದ್ದನ್ನು ಶಾರದೆಗೆ ಹೇಳಕೂಡದೆಂದು ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡ.

ಈಗ ಅಪ್ಪನಿಲ್ಲ. ಮನೆ ಮಾರಿಹೋಗಿದೆ, ಜಗಲಿ ಕಿತ್ತು ಹೊಸಬರು ಅಲ್ಲಿ ಕಾರು ನಿಲ್ಲಿಸುತ್ತಾರೆ. ಸುಬ್ರಾಯ ಎಲ್ಲಿದ್ದಾನೋ ಗೊತ್ತಿಲ್ಲ. ಹೋದ ತಿಂಗಳು ಶಿರಸಿಗೆ ಹೋದಾಗ, ತಲೆ ನರೆತ ಅತ್ತೆ ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು, "ಅಂವ ಮನಸ್ ಮಾಡಿದ್ರೆ ಬತ್ತಿದ್ದ, ಅಲ್ದನೇ?" ಎಂದಳು. ನನ್ನ ಬಾಯಿಗೆ ಬೆಂಕಿ ಬೀಳಲಿ, "ಹೌದು ಅತ್ತೆ" ಎಂದುಬಿಟ್ಟೆ.