ರುದ್ರಾಣಿಯ ಹೊಸ ಮಿಲ್ಲು

ಸಂಸೆಯ ಬಸ್ ನಿಲ್ದಾಣದ ಎದುರು ಕಾಫಿಪುಡಿ ಮಾಡುವ ಮಿಲ್ಲು ಇಟ್ಟುಕೊಂಡಿರುವ ರುದ್ರಾಣಿಗೆ ಒಂದು ಚಟವಿತ್ತು. ಯಾರು ಏನು ಕೊಂಡರು, ಯಾಕೆ ಕೊಂಡರು ಎನ್ನುವುದು ತಿಳಿಯದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಪಕ್ಕದ ಕುಮಾರನ ದಿನಸಿ ಅಂಗಡಿಯಿಂದ ಯಾರಾದರೂ ಚೀಲ ಹಿಡಿದು ಮೆಟ್ಟಿಲಿಳಿದರೆ ಚೀಲದ ಉಬ್ಬು ನೋಡಿಯೇ ಅರ್ಧ ಕಥೆ ಹೇಳುತ್ತಿದ್ದಳು. ಗೋಡಂಬಿ, ದ್ರಾಕ್ಷಿ, ಹೊಸ ಸ್ಟೀಲ್ ಲೋಟ ಒಟ್ಟಿಗೆ ಹೋದರೆ ಆ ಮನೆಗೆ ಹೆಣ್ಣು ನೋಡಲು ಬರುತ್ತಿದ್ದಾರೆ. ಹೋಂಸ್ಟೇ ಮಾಡಿದವರು ಸಣ್ಣ ಸೋಪು ಡಜನ್‌ಗಟ್ಟಲೆ ಒಯ್ದರೆ ಶನಿವಾರಕ್ಕೆ ಕೋಣೆ ತುಂಬಿದೆ. ಕಾಫಿ ತೋಟದವರೇ ಚಹಾಪುಡಿ ಕೊಂಡರೆ ಮಾತ್ರ ಅವಳು ಮಿಲ್ಲು ಬಿಟ್ಟು ಬಂದು ವಿಚಾರಿಸುತ್ತಿದ್ದಳು.

"ನಿಂಗೆ ಎಂತಕ್ಕೆ ಊರ ಉಸಾಬರಿ ಮಾರಾಯ್ತಿ," ಎಂದು ಗಂಡ ಕಲ್ಲೇಶ್ ಗೊಣಗುತ್ತಿದ್ದ.

"ಅಂಗಡಿ ಇಟ್ಟವರು ಊರ ಉಸಾಬರಿ ಬಿಟ್ರೆ ಅಂಗಡಿ ಬಿಟ್ಟಂಗೇ," ಎನ್ನುತ್ತಿದ್ದಳು ಅವಳು.

ಕಾಫಿ ಬೆಳೆಯುವ ಊರಿನಲ್ಲಿ ಒಳ್ಳೆಯ ಕಾಫಿ ಸಿಗುವುದಿಲ್ಲ ಎಂದು ಪ್ರವಾಸಿಗರು ಮುಖ ಸಿಂಡರಿಸುತ್ತಾರೆ. ಅವರ ಮಾತು ಸುಳ್ಳಲ್ಲ. ಒಳ್ಳೆಯದೆಲ್ಲ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಾಗಿ ಮೂಟೆ ಸೇರಿ ಲಾರಿ ಹತ್ತುತ್ತದೆ. ಬೆಳೆದವರ ಮನೆಗೆ ಉಳಿಯುವುದು ನೀರಲ್ಲಿ ತೇಲಿದ ಜೊಳ್ಳು, ಒಡೆದ ಬೀಜ, ಕಣ ಗುಡಿಸಿದಾಗ ಸಿಕ್ಕಿದ್ದು. ಅದನ್ನೇ ಸೇರುಗಟ್ಟಲೆ ತಂದು, ರುದ್ರಾಣಿಯ ಕೈಯಲ್ಲಿ ಹುರಿಸಿ, ಚಿಕೋರಿ ಬೆರೆಸಿ, ಪುಡಿ ಮಾಡಿಸಿಕೊಂಡು ಹೋಗಿ ಊರೆಲ್ಲ ಕುಡಿಯುತ್ತದೆ. ಕುಡಿದು, ನಮ್ಮನೆ ಕಾಫಿಯಂಥ ಕಾಫಿ ಎಲ್ಲೂ ಇಲ್ಲ ಎಂದು ಹೇಳಿಕೊಳ್ಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ರುದ್ರಾಣಿ ಒಳಗೊಳಗೇ ನಗುತ್ತಿದ್ದಳು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅವರವರ ಬೀಜ ಅವರವರಿಗೇ ಪುಡಿಯಾಗಿ ಸೇರಬೇಕು ಎನ್ನುವುದು ಮಾವ ಗಂಗಾಧರಪ್ಪನವರು ಮಿಲ್ಲು ಶುರು ಮಾಡಿದಾಗ ಕೊಟ್ಟ ಮಾತು. ಆ ಮಾತಿನ ಮೇಲೆಯೇ ಮಿಲ್ಲು ನಿಂತಿತ್ತು.

ಊರಿಗೆಲ್ಲ ಒಂದು ದಾರಿಯಾದರೆ ರುದ್ರಪ್ಪಗೌಡರಿಗೆ ಇನ್ನೊಂದು. ಅವರು ದೊಡ್ಡ ಎಸ್ಟೇಟಿನವರು. ತೋಟದ ಅತ್ಯುತ್ತಮ ಅರೇಬಿಕಾವನ್ನು ಮನೆಗೆ ಎತ್ತಿಡುತ್ತಿದ್ದರು, ಚಿಕೋರಿಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. "ಚಿಕೋರಿ ಕಾಫಿ ಕುಡಿಯೋ ಬದ್ಲು ಸುಟ್ಟ ಗೆಣಸು ಕದಡಿ ಕುಡೀಬಹುದು," ಎನ್ನುತ್ತಿದ್ದರು. ಅವರ ತೋಟದ ಮನೆಯಲ್ಲಿ ಎರಡು ಕೋಣೆಗಳ ಹೋಂಸ್ಟೇ ಇದೆ. ಬಂದವರಿಗೆ ಮೊದಲ ಲೋಟವನ್ನು ತಾವೇ ಕೈಯಾರೆ ಕೊಟ್ಟು, "ಕಡೇ ಗುಟುಕಲ್ಲಿ ಒಂಚೂರು ಕಹಿ ಬಂದು ಆಮೇಲೆ ಘಮ ಬರುತ್ತೆ ನೋಡಿ, ಅದು ನಮ್ಮ ಮಣ್ಣಿನ ಗುಣ. ಬೇರೆ ಕಡೆ ಸಿಗಲ್ಲ," ಎಂದು ಹೇಳದೆ ಬಿಡುತ್ತಿರಲಿಲ್ಲ. ಅತಿಥಿಗಳೂ ತಲೆದೂಗುತ್ತಿದ್ದರು.

ಗಂಗಾಧರಪ್ಪನವರ ಕಾಲದ ಮಿಲ್ಲು ಸವೆದು ಸವೆದು ಈ ವರ್ಷ ಗಡಗಡ ಎಂದು ನಿಂತೇ ಹೋಯಿತು. ಕಲ್ಲೇಶ್ ಚಿಕ್ಕಮಗಳೂರಿಗೆ ಹೋಗಿ ಕನ್ನಡಿಯಂತೆ ಹೊಳೆಯುವ ಸ್ಟೀಲಿನ ಮಿಲ್ಲು ತಂದ. ಹಳೆಯದು ಗುಜರಿ ಗಾಡಿ ಹತ್ತಿತು. ಹೊಸದಕ್ಕೆ ವಿಭೂತಿ ಬಳಿದು, ಕಾಯಿ ಒಡೆದು, ಮಂಗಳಾರತಿ ಎತ್ತಿದರು. "ಇದರಲ್ಲಿ ಒಂದು ಚಿಟಿಕೆ ಪುಡಿನೂ ಒಳಗೆ ನಿಲ್ಲಲ್ಲ. ಹಾಕಿದ್ದೆಲ್ಲ ಹೊರಗೆ," ಎಂದು ಕಲ್ಲೇಶ್ ಬಂದವರಿಗೆಲ್ಲ ತೋರಿಸಿದ.

ಒಂದು ವಾರವೂ ಕಳೆದಿರಲಿಲ್ಲ, ನಿವೃತ್ತ ಪೋಸ್ಟ್‌ಮಾಸ್ಟರ್ ವಿಶ್ವನಾಥ್ ಬಂದು ತಲೆ ಕೆರೆದುಕೊಂಡರು. "ಎಂತಮ್ಮ, ಈ ಸಲ ಹುರಿದಿದ್ದು ಕಮ್ಮಿ ಆಯ್ತಾ? ಮುಂಚೆ ಒಂದು ಘಮ ಇತ್ತು. ಈಗ ಬರೀ ಬಿಸಿನೀರು ಕುಡಿದಂಗಾಗ್ತದೆ."

ಮರುದಿನ ಬೇಕರಿಯವನು ಅದನ್ನೇ ಹೇಳಿದ. ಆಮೇಲೆ ಅಂಗನವಾಡಿ ಟೀಚರು. ರುದ್ರಾಣಿ ಹದ ಬದಲಿಸಿ ಹುರಿದಳು, ಇನ್ನೂ ನುಣ್ಣಗೆ ಬೀಸಿದಳು, ಬೇರೆ ಚಿಕೋರಿ ತರಿಸಿದಳು. ಏನು ಮಾಡಿದರೂ ಜನರ ಮುಖ ಅರಳಲಿಲ್ಲ. ಕೊನೆಗೆ ಗೌಡರ ಜೀಪಿನ ಡ್ರೈವರ್ ಬಂದು, ಹಿಂದಿನ ಸಂತೆಯ ದಿನ ಒಯ್ದಿದ್ದ ಪುಡಿಯ ಡಬ್ಬವನ್ನು ಮೇಜಿನ ಮೇಲಿಟ್ಟ. "ಇದು ನಮ್ಮ ಬೀಜದ್ದು ಅಲ್ಲ ಅಂತೆ. ಅಮ್ಮಾವ್ರು ವಾಪಸ್ ಕೊಟ್ಟು ಬಾ ಅಂದ್ರು."

ಆ ಮಾತು ಬಸ್ಸಿಗಿಂತ ಮೊದಲು ಊರು ಸುತ್ತಿತು. ರುದ್ರಾಣಿ ಬೀಜ ಬದಲಾಯಿಸುತ್ತಾಳಂತೆ. ಒಳ್ಳೆಯದನ್ನು ತಾನಿಟ್ಟುಕೊಂಡು ಜೊಳ್ಳು ಬೀಸಿ ಕೊಡುತ್ತಾಳಂತೆ. ಮುಂದಿನ ಸಂತೆಗೆ ಗೌಡರ ಜೀಪು ಮಿಲ್ಲಿನ ಮುಂದೆ ನಿಲ್ಲದೆ ಕಳಸದ ಮಿಲ್ಲಿನ ಕಡೆ ಹೋಯಿತು. ದೊಡ್ಡ ಮನೆ ಹೋದ ದಾರಿಯಲ್ಲಿ ಸಣ್ಣ ಮನೆಗಳೂ ಹೋಗುತ್ತವೆ. ಮಾವ ಕಟ್ಟಿದ ಹೆಸರು ತನ್ನ ಕೈಯಲ್ಲಿ ಮುಗಿಯುತ್ತದಲ್ಲ ಎಂದು ರುದ್ರಾಣಿ ಅವಮಾನದಿಂದ ಅತ್ತಳು. ಅತ್ತು ಮುಗಿದ ಮೇಲೆ, ಅವಳ ಜಾಯಮಾನವೇ ಅಂಥದ್ದು, ಕುತೂಹಲ ತಲೆ ಎತ್ತಿತು. ಅದೇ ಬೀಜ, ಅದೇ ಬೆಂಕಿ, ಅದೇ ಕೈ. ಹಾಗಾದರೆ ಹೋದದ್ದು ಏನು?

ಅವಳು ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತ ಹೋದಳು. ರುಚಿ ಹೋಯಿತು ಎಂದು ಎಲ್ಲರೂ ಹೇಳಿದರು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಗಿಡ್ಡಮ್ಮ.

ಗಿಡ್ಡಮ್ಮ ಗೌಡರ ಎಸ್ಟೇಟಿನ ಕೆಲಸದವಳು. ಗುಡಿಸಲಿನ ಹಿಂದೆ ನಾಲ್ಕಾರು ರೊಬಸ್ಟಾ ಗಿಡ ಇಟ್ಟುಕೊಂಡಿದ್ದಳು. ಆ ಬೀಜವನ್ನು ಸೌದೆ ಒಲೆಯ ಮೇಲೆ ಕಪ್ಪಗೆ ಹುರಿದು, ಜೊತೆಗೆ ಒಂದಿಷ್ಟು ಮೆಂತ್ಯ ಹುರಿದು ಸೇರಿಸಿ, ಚಿಕೋರಿಯನ್ನು ಮಿಲ್ಲಿನಲ್ಲಿ ಧಾರಾಳವಾಗಿ ಹಾಕಿಸಿ ಬೀಸಿಸುತ್ತಿದ್ದಳು. ಸಂತೆಯ ದಿನ ಮೊದಲ ಬಸ್ಸಿಗೆ ಕಳಸಕ್ಕೆ ಹೋಗಬೇಕಾದ್ದರಿಂದ ಮಿಲ್ಲಿನ ಬಾಗಿಲು ತೆಗೆಯುವ ಮೊದಲೇ ಬಂದು ಕೂತಿರುತ್ತಿದ್ದಳು.

"ನಂದು ಹಂಗೇ ಐತಲ್ಲ ತಾಯಿ, ಎಂತದ್ದೂ ಆಗಿಲ್ಲ," ಎಂದಳು ಗಿಡ್ಡಮ್ಮ, ಪುಡಿ ಕಟ್ಟಿಕೊಂಡು ಬಸ್ಸಿಗೆ ಓಡುತ್ತ.

ಅವಳು ಹೋದ ಮೇಲೆ ತಟ್ಟೆಯ ಸುತ್ತ ಚೆಲ್ಲಿದ್ದ ಪುಡಿಯನ್ನು ರುದ್ರಾಣಿ ಅಂಗೈಗೆ ಗುಡಿಸಿಕೊಂಡು ಮೂಸಿದಳು. ಹುರಿದ ಮೆಂತ್ಯದ ವಾಸನೆ. ಈ ವಾಸನೆಯನ್ನು ಇನ್ನೆಲ್ಲೋ ಕಂಡಿದ್ದೇನಲ್ಲ ಎಂದುಕೊಂಡಳು. ಕಂಡದ್ದು ಮುಂಚೆ ಬೀಸುತ್ತಿದ್ದ ಗೌಡರ ಮನೆಯ ಪುಡಿಯಲ್ಲಿ. ಆ ಪುಡಿಗೆ ಮೆಂತ್ಯ ಎಲ್ಲಿಂದ ಬರಬೇಕು?

ಹಳೆಯ ಮಿಲ್ಲು ಅವಳ ಕಣ್ಣಮುಂದೆ ಬಂತು. ಅದರ ಬಾಯಿಗೆ ಉದ್ದನೆಯ ಬಟ್ಟೆಯ ತೋಳು ಕಟ್ಟಿತ್ತು. ಎಷ್ಟು ಕೊಡವಿದರೂ ಆ ತೋಳಿನ ಮಡಿಕೆಯಲ್ಲಿ, ಬೀಸುವ ಬಿಲ್ಲೆಗಳ ಅಡಿಯಲ್ಲಿ ಎರಡು ಮೂರು ಹಿಡಿ ಪುಡಿ ಉಳಿದೇ ಉಳಿಯುತ್ತಿತ್ತು. ಮುಂದಿನವರ ಬೀಜ ಬಿದ್ದಾಗ ಅದು ಅವರ ಡಬ್ಬಕ್ಕೆ ಇಳಿಯುತ್ತಿತ್ತು. ಸಂತೆಯ ದಿನ ಗಿಡ್ಡಮ್ಮನ ನಂತರ ಬರುತ್ತಿದ್ದುದು ಗೌಡರ ಜೀಪು. ಗೌಡರ ನಂತರ ವಿಶ್ವನಾಥ್, ಅವರ ಜೊಳ್ಳು ಕಾಫಿಗೆ ಗೌಡರ ಅರೇಬಿಕಾದ ಘಮ. ಹೀಗೆ ಒಬ್ಬರ ಬಾಲ ಒಬ್ಬರಿಗೆ ಅಂಟಿಕೊಂಡೇ ಊರು ನಮ್ಮನೆ ರುಚಿ, ನಮ್ಮನೆ ರುಚಿ ಎಂದು ಕುಡಿಯುತ್ತಿತ್ತು. ಸಂತೆಯ ಹಿಂದಿನ ಸಂಜೆ ಮಿಲ್ಲು ಬಿಚ್ಚಿ ಒರೆಸಿ, ತೋಳು ಒಗೆದು ವಿಭೂತಿ ಹಚ್ಚುವುದು ಮಾವ ಹಾಕಿಕೊಟ್ಟ ಕ್ರಮ. ಹಾಗಾಗಿ ಬೆಳಿಗ್ಗೆ ಮೊದಲು ಬರುವ ಗಿಡ್ಡಮ್ಮನಿಗೆ ಯಾರದ್ದೂ ಸೇರುತ್ತಿರಲಿಲ್ಲ. ಇಡೀ ಊರಿನಲ್ಲಿ ತನ್ನ ಕಾಫಿಯನ್ನು ತಾನೇ ಕುಡಿಯುತ್ತಿದ್ದವಳು ಅವಳೊಬ್ಬಳು.

ಸಂಶಯ ಬೇಡ ಎಂದು ರುದ್ರಾಣಿ ಗೌಡರ ಡಬ್ಬದಿಂದ ಒಂದಿಷ್ಟು ಪುಡಿ ತೆಗೆದು, ಅಂಗೈಯಲ್ಲಿದ್ದುದನ್ನು ಬೆರೆಸಿ ಡಿಕಾಕ್ಷನ್ ಇಳಿಸಿದಳು. ಕಲ್ಲೇಶ್ ಕುಡಿದು, "ಗೌಡ್ರ ಮನೇದಲ್ವಾ? ಸರಿಯಾಗೇ ಉಂಟಲ್ಲ," ಎಂದ.

ಅವಳು ಮೊದಲು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಇಳಿದ ಮೇಲೆ ಭಯವಾಯಿತು. ನಿಜ ಹೇಳಿದರೆ ಬೀಜ ಬದಲಾಯಿಸುತ್ತಾಳೆ ಎಂಬ ಅಪವಾದವನ್ನು ತಾನೇ ಒಪ್ಪಿಕೊಂಡಂತೆ. ಅದೂ ಯಾರ ಪುಡಿ? ಗೌಡರ ಮನೆಯಲ್ಲಿ ಗಿಡ್ಡಮ್ಮನಿಗೆ ಕಾಫಿ ಕೊಡುವ ಲೋಟ ಇಂದಿಗೂ ಹಿತ್ತಿಲ ಗೋಡೆಯ ಮೇಲೆ ಬೋರಲು ಬಿದ್ದಿರುತ್ತದೆ. ಕುಡಿದು, ತೊಳೆದು, ಮತ್ತೆ ಅಲ್ಲೇ ಇಟ್ಟು ಬರಬೇಕು. ಊರಿಗೆಲ್ಲ ಗೊತ್ತಿರುವ, ಯಾರೂ ಆಡದ ಮಾತು ಅದು.

ಎರಡು ದಿನ ಬಿಟ್ಟು ಗೌಡರ ಹೆಂಡತಿ ವಸಂತಮ್ಮ ತಾವೇ ಬಂದರು. "ಕಳಸದಲ್ಲೂ ಸರಿ ಹೋಗ್ಲಿಲ್ಲ ರುದ್ರಾಣಿ. ಅವ್ರು ಅರ್ಧ ಲೋಟ ಬಿಟ್ಟು ಎದ್ದೋಗ್ತಾರೆ. ನಮ್ಮ ಮಣ್ಣೇ ಕೆಟ್ಟಿತಾ ಅಂತ ತೋಟದಲ್ಲಿ ಒಬ್ರೇ ತಿರುಗ್ತಾರೆ. ನಿಜ ಹೇಳು, ನಮ್ಮ ಬೀಜಕ್ಕೆ ಎಂತ ಮಾಡ್ದೆ?"

ರುದ್ರಾಣಿ ಮೊನ್ನೆ ಬೆರೆಸಿದ್ದರಲ್ಲಿ ಉಳಿದ ಪುಡಿಯಿಂದ ಒಂದು ಲೋಟ ಕಾಫಿ ಮಾಡಿ ಕೊಟ್ಟಳು. ವಸಂತಮ್ಮ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಇದೇ. ಇದೇ ನೋಡು ನಮ್ಮನೆ ಕಾಫಿ."

"ಇದರಲ್ಲಿ ಗಿಡ್ಡಮ್ಮನ ಪುಡಿ ಸೇರಿದೆ ಅಮ್ಮ," ಎಂದು ರುದ್ರಾಣಿ ಹಳೆಯ ಮಿಲ್ಲಿನ ಕಥೆಯನ್ನು ಒಂದೂ ಬಿಡದೆ ಹೇಳಿದಳು.

ವಸಂತಮ್ಮ ಲೋಟವನ್ನೇ ನೋಡುತ್ತ ಕೂತರು. ಕೆಳಗಿಡುತ್ತಾರೆಂದು ರುದ್ರಾಣಿ ಎಣಿಸಿದ್ದಳು. ಇಡಲಿಲ್ಲ, ಪೂರ್ತಿ ಕುಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅವ್ರಿಗೆ ಗೊತ್ತಾಗೋದು ಬೇಡ. ನೀನು ಒಂದು ಹಿಡಿ ಹಾಕಿ ಕಳಿಸ್ತಾ ಇರು," ಎಂದರು.

"ಮಿಲ್ಲು ಬೆರೆಸ್ತಿದ್ದಾಗ ನಂಗೆ ಗೊತ್ತಿರ್ಲಿಲ್ಲ ಅಮ್ಮ. ಈಗ ಗೊತ್ತಿದ್ದು ತೆಗೆದ್ರೆ ಕಳ್ಳತನ ಆಗ್ತದೆ. ಅವಳನ್ನ ಕೇಳ್ಬೇಕು."

ಸಂತೆಯ ದಿನ ಕೇಳಿದಳು. ಗಿಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಶಿವನೇ, ಗೌಡ್ರ ಮಣ್ಣಿನ ಗುಣ ನನ್ನ ಮೆಂತ್ಯದಲ್ಲಿತ್ತಾ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡ ಮೇಲೆ ಮುಖದಲ್ಲಿ ನಗು ಇರಲಿಲ್ಲ.

"ಒಂದಲ್ಲ, ಎರಡು ಹಿಡಿ ತಗ. ಆದ್ರೆ ಗಿಡ್ಡಮ್ಮಂದು ಅಂತ ಅವ್ರಿಗೆ ಹೇಳಿ ಕೊಡ್ಬೇಕು. ಹೇಳ್ದೆ ಕುಡಿಸೋದಾದ್ರೆ ಬ್ಯಾಡ."

ರುದ್ರಾಣಿ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ವಸಂತಮ್ಮನಿಗೆ ಹೇಳಿದಳು. ಆ ಕಡೆಯಿಂದ ಲೈನು ಕಟ್ಟಾಯಿತು. ಮುಂದಿನ ಸಂತೆಗೂ ಜೀಪು ಬರಲಿಲ್ಲ. ವಿಶ್ವನಾಥ್ ಕುಮಾರನ ಅಂಗಡಿಯಲ್ಲಿ ಪ್ಯಾಕೆಟ್ ಪುಡಿ ಕೊಂಡು, ಇತ್ತ ನೋಡದೆ ಹೋದರು. ಹುತ್ತಕ್ಕೆ ಕೈ ಹಾಕಿ ಹಾವು ಕಚ್ಚಿತು ಎಂದರೆ ಯಾರು ಅಯ್ಯೋ ಅನ್ನುತ್ತಾರೆ ಎಂದು ಕಲ್ಲೇಶ್ ಅಂದ. ತಿಳಿದುಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ರುದ್ರಾಣಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತ್ತು.

ಅದರ ಮುಂದಿನ ಸಂತೆಯ ಬೆಳಿಗ್ಗೆ ಅವಳು ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಾಗ ಮಿಲ್ಲಿನ ಮುಂದೆ ಜೀಪು ನಿಂತಿತು. ಡ್ರೈವರ್ ಇರಲಿಲ್ಲ. ರುದ್ರಪ್ಪಗೌಡರೇ ಇಳಿದರು, ಕೈಯಲ್ಲಿ ಬೀಜದ ಚೀಲ. ಮಿಲ್ಲಿಗೆ ಅವರು ತಾವಾಗಿ ಬಂದದ್ದನ್ನು ರುದ್ರಾಣಿ ನೋಡಿಯೇ ಇರಲಿಲ್ಲ. ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ಕುರ್ಚಿ ಒರೆಸಿ ಮುಂದಿಟ್ಟಳು.

"ಗಿಡ್ಡಮ್ಮ ಬಂದು ಹೋದ್ಲಾ?" ಎಂದು ಗೌಡರು ಕೇಳಿದರು.

"ಇನ್ನೂ ಬಂದಿಲ್ಲ ಗೌಡ್ರೆ. ಯಾಕೋ ಇವತ್ತು ತಡ. ಕೊಡಿ, ನಿಮ್ದು ಮೊದ್ಲು ಹುರಿದು ಬೀಸ್ತೀನಿ."

"ಬೇಡ. ವಸಂತ ಎಲ್ಲ ಹೇಳಿದ್ಲು. ಮೊದ್ಲು ಗಿಡ್ಡಮ್ಮಂದಾಗ್ಲಿ. ಅವಳ ಪುಡಿಗೆ ಅವಳನ್ನ ಒಂದು ಮಾತು ಕೇಳ್ಬೇಕು."

ರುದ್ರಾಣಿಗೆ ಬಾಯಿ ಕಟ್ಟಲಾಗಲಿಲ್ಲ. "ನಿಮ್ಮ ತೋಟಕ್ಕೇ ದಿನಾ ಬರ್ತಾಳಲ್ಲ ಗೌಡ್ರೆ. ಅಲ್ಲೇ ಕೇಳ್ಬಹುದಿತ್ತಲ್ಲ."

"ತೋಟದಲ್ಲಿ ನಾನು ಕೇಳಿದ್ರೆ ಅದು ಕೇಳಿದಂಗಾಗಲ್ಲ," ಎಂದರು ಗೌಡರು.

ಅವರು ಕುರ್ಚಿಯಲ್ಲಿ ಕೂರಲಿಲ್ಲ. ಎಲ್ಲರೂ ಸರದಿಗೆ ಕಾಯುವ ಬೆಂಚಿನಲ್ಲಿ, ಬಾಗಿಲ ಹತ್ತಿರ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಗಿಡ್ಡಮ್ಮ ಬರುವ ರಸ್ತೆಯನ್ನೇ ನೋಡುತ್ತಿದ್ದರು.