ಲಾಗೋಸಿನಲ್ಲಿ ಮಂಡಿಯೂರಿದ್ದು

ಈ ಸಲದ ಚಳಿಗೆ ಅಂಗೈ ಬಿರಿದು, ಬಾತ್‌ರೂಮಿನ ಡ್ರಾಯರ್ ತಡಕಾಡುವಾಗ ಹಿಂದೆಲ್ಲೋ ಒಂದು ಗಿಡ್ಡ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ತುಸು ಹೊಗೆ, ತುಸು ಹುರಿದ ಕಡಲೆಕಾಯಿಯ ವಾಸನೆ. ಮೈಕೈಗೆ ಹಚ್ಚುವ ಶಿಯಾ ಬೆಣ್ಣೆ. ಮೇಲ್ಮನೆ ಆಂಟಿ ಕೊಟ್ಟದ್ದು...

ಅಮೆರಿಕದ ಪಿಸ್ಕಾಟವೇಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರು ಸರಿಯಾಗಿ ನನ್ನ ತಲೆಯ ಮೇಲಿದ್ದರು. ನೈಜೀರಿಯಾದವರು, ನರ್ಸ್. ಇಂಡಿಯಾದವರಲ್ಲದವರಲ್ಲಿ ನಾನು ಆಂಟಿ ಎಂದು ಕರೆದದ್ದು ಅವರೊಬ್ಬರನ್ನೇ. ಅವರೂ ತಮಗೆ ಸಲ್ಲಬೇಕಾದದ್ದೇ ಎಂಬಂತೆ ಆ ಪದವಿ ಒಪ್ಪಿಕೊಂಡಿದ್ದರು. ನನ್ನ ಸಾರಿನ ಒಗ್ಗರಣೆಯ ಘಮ ಮೇಲೆ ಹೋದರೆ ಸಾಕು, ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾಗುತ್ತಿತ್ತು. ಖಾರ ಸಾಲದು ಎಂದು ಗೊಣಗುತ್ತಲೇ ಎರಡು ಬಟ್ಟಲು ಕುಡಿಯುತ್ತಿದ್ದರು.

ಅವರಿಗಿದ್ದ ಕೊರಗು ಒಂದೇ. ಗ್ರೀನ್ ಕಾರ್ಡಿನ ಪೇಪರ್ಸ್ ಸಿಕ್ಕಿಹಾಕಿಕೊಂಡಿದ್ದಾಗ ಊರಲ್ಲಿ ತಂದೆ ತೀರಿಕೊಂಡರು. ಹೋದರೆ ವಾಪಸ್ ಬರುವ ಭರವಸೆಯಿರಲಿಲ್ಲ, ಹೋಗಲಿಲ್ಲ. ಅಂದಿನಿಂದ ತಾಯಿ ಮಾತು ಬಿಟ್ಟಿದ್ದರು. ಮಗಳು ಅಮೆರಿಕಕ್ಕೆ ಹೋಗಿ ಮನೆತನದ ರೀತಿನೀತಿ ಮರೆತಳು ಎಂಬುದು ಆ ತಾಯಿಯ ತೀರ್ಪು.

ಆಫೀಸಿನವರು ನನ್ನನ್ನು ಮೂರು ವಾರಕ್ಕೆ ಆಂಟಿಯ ಊರಾದ ಲಾಗೋಸಿಗೆ ಕಳಿಸುತ್ತಾರೆಂದು ಗೊತ್ತಾದ ದಿನವೇ ಆಂಟಿ ಒಂದು ಬಿಪಿ ಮೆಷಿನ್ ತಂದು ನನ್ನ ಸೂಟ್‌ಕೇಸಿಗೆ ತುರುಕಿದರು.

"ನನ್ನ ತಮ್ಮ ಅಮ್ಮನ್ನ ಏರ್‌ಪೋರ್ಟಿಗೆ ಕರ್ಕೊಂಡು ಬರ್ತಾನೆ. ನೀನೇ ಅವಳ ಕೈಗೆ ಕೊಡು, ಪ್ಲೀಸ್. ನನ್ನ ಬಗ್ಗೆ ಏನಂದ್ಲು ಅಂತ ಬಂದು ಹೇಳು. ಬೈದ್ರೂ ಹೇಳು."

ವಿಮಾನದಲ್ಲಿ ಹನ್ನೊಂದು ಗಂಟೆ ಕೂತಲ್ಲೇ ಕೂತು ಕಾಲು ಊದಿ ಶೂ ಹಿಡಿಸುತ್ತಿರಲಿಲ್ಲ. ಹೊರಗೆ ಬಂದರೆ ಮುಖಕ್ಕೆ ಬಿಸಿಗಾಳಿ, ಕೂಗಿ ಕರೆಯುವ ಜನ. ನನ್ನ ಹೆಸರಿನ ರಟ್ಟು ಹಿಡಿದು ಆಂಟಿಯ ತಮ್ಮ ನಿಂತಿದ್ದರು. ಪಕ್ಕದಲ್ಲಿ ತಲೆಗೆ ನೀಲಿ ವಸ್ತ್ರ ಸುತ್ತಿದ ವೃದ್ಧೆ, ಮುಖ ಗಂಟಿಕ್ಕಿಕೊಂಡು. ಹಿರಿಯರ ಕಾಲು ಕಂಡರೆ ಬಾಗುವುದು ನನಗೆ ಸೀನು ಬಂದಂತೆ, ತಡೆಯಲಾಗದು. ಬಾಗಿದೆ. ಬೆನ್ನಿನ ಲ್ಯಾಪ್‌ಟಾಪ್ ಬ್ಯಾಗು ತಲೆಯ ಮೇಲಕ್ಕೆ ಜಾರಿತು, ಊದಿದ ಕಾಲು ಕೈಕೊಟ್ಟಿತು. ಧೊಪ್ಪೆಂದು ಎರಡೂ ಮಂಡಿ ನೆಲಕ್ಕೆ!

ಅವರಲ್ಲಿ ಹೆಣ್ಣುಮಕ್ಕಳು ಹಿರಿಯರಿಗೆ ಮಂಡಿಯೂರಿಯೇ ನಮಸ್ಕರಿಸಬೇಕೆಂದು ನನಗೇನು ಗೊತ್ತು? ಎದ್ದು ನೋಡಿದರೆ ಆ ಗಂಟುಮುಖ ಸಡಿಲಗೊಂಡಿತ್ತು. ಇಂಗ್ಲಿಷಿನಲ್ಲಿ ಕೇಳಿದರು:

"ಇದನ್ನ ನಿನಗೆ ಯಾರು ಕಲಿಸಿದ್ರು? ನನ್ನ ಮಗಳಾ?"

ಹೌದೆಂದು ತಲೆಯಾಡಿಸಿಬಿಟ್ಟೆ. ಆಕೆ ಮಗನ ಫೋನ್ ಕಸಿದುಕೊಂಡು ಅಲ್ಲೇ, ಟ್ರಾಲಿಗಳ ನಡುವೆ ನಿಂತು, ಮಗಳಿಗೆ ಕರೆ ಮಾಡಿದರು. ತಾಯಿ ಮಗಳು ಆಡಿದ ಅವರ ಊರಿನ ಭಾಷೆ ನನಗೆ ತಿಳಿಯದು. ಆ ಕಡೆಯಿಂದ ಆಂಟಿ ಅಳುವುದು ಮಾತ್ರ ನನಗೂ ಕೇಳಿಸಿತು.

ವಾಪಸ್ ಬಂದು ಆಂಟಿಗೆ ನಿಜ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ನೀನು ಬಿದ್ದೆಯಾ? ಓ ಮೈ ಗಾಡ್! ಅಮ್ಮಂಗೆ ಮಾತ್ರ ಹೇಳ್ಬೇಡ." ಪೇಪರ್ಸ್ ಕೈಗೆ ಬಂದ ಮೇಲೆ ಎರಡು ಸಲ ಊರಿಗೆ ಹೋಗಿಬಂದರು. ಎರಡನೆಯ ಸಲ ತಂದದ್ದೇ ಈ ಡಬ್ಬಿ.

ಹೋದ ವರ್ಷ ಆಂಟಿ ತೀರಿಕೊಂಡರು. ಮೇಲ್ಮನೆಗೆ ಬೇರೆ ಯಾರೋ ಬಂದಿದ್ದಾರೆ. ಲಾಗೋಸಿನ ಅಮ್ಮ ಮಾತ್ರ ಇನ್ನೂ ಇದ್ದಾರೆ, ಆಗಾಗ ಫೋನ್ ಮಾಡುತ್ತಾರೆ. ಮೊನ್ನೆಯೂ ಮಾಡಿ, "ನನ್ನ ಮಗಳು ನಿನಗೆ ಎಷ್ಟು ಚೆನ್ನಾಗಿ ಕಲಿಸಿದ್ಲು" ಅಂದರು.

"ಹೌದಮ್ಮಾ" ಅಂದೆ.

ಬಿದ್ದ ಕಥೆ ಗೊತ್ತಿದ್ದವರು ಆಂಟಿ, ನಾನು ಇಬ್ಬರೇ... ಈಗ ನಾನೊಬ್ಬಳೇ.